ಹತ್ತು ಪಥದ ರಸ್ತೆಯೋ, ಹೊತ್ತಿಗೆ ಬರುವ ಬಸ್ಸೋ?



ಪ್ರತಿ ಸಂಚಿಕೆಯಲ್ಲೂ ಮೇವು, ಲಸಿಕೆ, ಕೆಚ್ಚಲು ಬಾವು, ಕರುಗಳ ಆರೈಕೆ ಎಂದು ಬರೆಯುತ್ತೇವೆ. ಈ ಸಲ ಕೊಟ್ಟಿಗೆಯಿಂದ ಹೊರಗೆ ಬಂದು ರಸ್ತೆಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಸರ್ಕಾರದ ಬಳಿ ಇರುವ ಹಣ ಇಷ್ಟೇ. ಆ ಹಣದಲ್ಲಿ ಹೆದ್ದಾರಿಗಳನ್ನು ಇನ್ನೂ ಅಗಲ ಮಾಡಬೇಕೇ, ಇಲ್ಲವೇ ಬಸ್ಸು, ರೈಲುಗಳನ್ನು ಹೆಚ್ಚಿಸಬೇಕೇ? ಪೇಟೆಯವರು ಇದನ್ನು ತಮ್ಮ ಟ್ರಾಫಿಕ್ಕಿನ ಪ್ರಶ್ನೆ ಎಂದುಕೊಂಡು ಚರ್ಚೆ ಮಾಡುತ್ತಾರೆ. ಎರಡು ಹಸು, ಒಂದು ಎಕರೆ ಹುಲ್ಲು ನಂಬಿ ಬದುಕುವ ಮನೆಗೂ ಇದು ಅಷ್ಟೇ ಹತ್ತಿರದ ಪ್ರಶ್ನೆ. ಯಾಕೆಂದು ಹೇಳುತ್ತೇವೆ.

ನಿಮ್ಮ ಮನೆಯ ಒಂದು ದಿನವನ್ನು ನೆನಪಿಸಿಕೊಳ್ಳಿ. ಬೆಳಗ್ಗೆ ಐದೂವರೆಗೆ ಹಾಲು ಕರೆಯುತ್ತೀರಿ. ಆರೂವರೆಗೆ ಡೇರಿಯಲ್ಲಿ ಹಾಲು ಹಾಕಿ ಚೀಟಿ ತೆಗೆದುಕೊಳ್ಳುತ್ತೀರಿ. ಏಳು ಗಂಟೆಗೆ ಮಗಳು ಕಾಲೇಜಿಗೆ ಹೊರಡಬೇಕು. ಮಗ ಕಾರ್ಖಾನೆಯ ಪಾಳಿಗೆ ಹೋಗಬೇಕು. ಅಮ್ಮನನ್ನು ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಗೆ ತೋರಿಸಬೇಕು. ಎಲ್ಲರೂ ಎಲ್ಲಿಗೆ ಹೋದರೂ ಸಂಜೆ ಐದಕ್ಕೆ ಯಾರಾದರೂ ಒಬ್ಬರು ಮನೆಯಲ್ಲಿರಲೇಬೇಕು, ಏಕೆಂದರೆ ಹಸು ಕಾಯುವುದಿಲ್ಲ. ಹೈನುಗಾರರ ಮನೆಯ ಪ್ರಯಾಣಕ್ಕೂ ಉಳಿದವರ ಪ್ರಯಾಣಕ್ಕೂ ಇರುವ ವ್ಯತ್ಯಾಸ ಇದೊಂದೇ. ನಮಗೆ ಹೋಗುವುದು ಎಷ್ಟು ಮುಖ್ಯವೋ, ಸಂಜೆಯ ಕರೆಯುವ ಹೊತ್ತಿಗೆ ವಾಪಸ್ ಬರುವುದೂ ಅಷ್ಟೇ ಮುಖ್ಯ. ಈ ಅಳತೆಗೋಲನ್ನು ಕೈಯಲ್ಲಿಟ್ಟುಕೊಂಡು ನಮ್ಮ ಕಣ್ಣೆದುರಿಗಿರುವ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ನೋಡೋಣ.

ಹೆದ್ದಾರಿ ಕೊಟ್ಟಿದ್ದು

ಬೆಂಗಳೂರು–ಮೈಸೂರು ನಡುವಿನ ರಾಷ್ಟ್ರೀಯ ಹೆದ್ದಾರಿ 275ರ ವಿಸ್ತರಿಸಿದ ರಸ್ತೆ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಉದ್ದ ಸುಮಾರು 118 ಕಿ.ಮೀ., ವೆಚ್ಚ ಸುಮಾರು 8,480 ಕೋಟಿ ರೂಪಾಯಿ. ನಡುವೆ ಆರು ಪಥದ ಮುಖ್ಯ ರಸ್ತೆ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರಸ್ತೆ, ಒಟ್ಟು ಹತ್ತು ಪಥ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಪಟ್ಟಣಗಳ ಒಳಗೆ ನುಗ್ಗದೆ ಹೊರಗಿನಿಂದಲೇ ಹೋಗುವ ಬೈಪಾಸುಗಳು ಆದವು. ಮೊದಲು ಮೂರು ಗಂಟೆ ಹಿಡಿಯುತ್ತಿದ್ದ ಪ್ರಯಾಣ ಈಗ ಒಂದೂಕಾಲು, ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ.

ಇದರ ಲಾಭವನ್ನು ಅಲ್ಲಗಳೆಯುವಂತಿಲ್ಲ. ಹಳೆಯ ರಸ್ತೆಯಲ್ಲಿ ಮದ್ದೂರು ಪೇಟೆ, ಚನ್ನಪಟ್ಟಣ ಪೇಟೆ ದಾಟಲು ಟ್ಯಾಂಕರ್ ಚಾಲಕರು ಪಡುತ್ತಿದ್ದ ಪಾಡು ನಿಮಗೆ ಗೊತ್ತಿದೆ. ಗೆಜ್ಜಲಗೆರೆಯ ಡೇರಿ ಇರುವುದೂ ಇದೇ ಹೆದ್ದಾರಿಯ ಪಕ್ಕದಲ್ಲಿ. ಟ್ಯಾಂಕರ್ ಬೇಗ ಹೋಗಿ ಬೇಗ ಬಂದರೆ ಡೀಸೆಲ್ ಉಳಿಯುತ್ತದೆ, ಅದೇ ಗಾಡಿ ಇನ್ನೊಂದು ಸುತ್ತು ಹೋಗಬಹುದು. ಅಪಘಾತವಾದವರನ್ನು, ಹೃದಯಾಘಾತವಾದವರನ್ನು ಮೈಸೂರಿಗೋ ಬೆಂಗಳೂರಿಗೋ ಸಾಗಿಸುವ ಆಂಬುಲೆನ್ಸ್‌ಗೆ ಉಳಿದ ಒಂದೊಂದು ನಿಮಿಷವೂ ಜೀವದ ಲೆಕ್ಕ. ಆದ್ದರಿಂದ ಒಳ್ಳೆಯ ರಸ್ತೆ ಬೇಡ ಎಂದು ನಾವು ಇಲ್ಲಿ ವಾದಿಸುತ್ತಿಲ್ಲ.

ಹೆದ್ದಾರಿ ತೆಗೆದುಕೊಂಡಿದ್ದು

ಈಗ ಇನ್ನೊಂದು ಕಡೆಯ ಲೆಕ್ಕ. ರಸ್ತೆಗೆ ಅರವತ್ತು ಮೀಟರ್ ಅಗಲದ ಜಾಗ ಹಿಡಿದರೆ ಒಂದು ಕಿ.ಮೀ.ಗೆ ಆರು ಹೆಕ್ಟೇರ್, ಅಂದರೆ ಸುಮಾರು 15 ಎಕರೆ ಭೂಮಿ ಬೇಕು. ನೀರಾವರಿಯ ಒಂದು ಎಕರೆಯಲ್ಲಿ ನೇಪಿಯರ್ ಹುಲ್ಲನ್ನು ಚೆನ್ನಾಗಿ ಬೆಳೆದರೆ ಎಂಟು ಹತ್ತು ಹಸುಗಳಿಗೆ ವರ್ಷವಿಡೀ ಹಸಿರು ಮೇವು ಸಿಗುತ್ತದೆ. ಹಾಗಾದರೆ ಒಂದು ಕಿ.ಮೀ. ಅಗಲದ ರಸ್ತೆ ಎಂದರೆ ನೂರಕ್ಕೂ ಹೆಚ್ಚು ಹಸುಗಳ ಹಸಿರು ಮೇವಿನ ಜಾಗ. ಪರಿಹಾರದ ಹಣ ಬರುತ್ತದೆ, ನಿಜ. ಆದರೆ ಹಣ ಬಂದ ಮನೆಯವರೆಲ್ಲ ಅಷ್ಟೇ ಭೂಮಿಯನ್ನು ಬೇರೆಡೆ ಕೊಳ್ಳಲು ಆಗಲಿಲ್ಲ ಎಂಬುದು ರಸ್ತೆಯ ಅಕ್ಕಪಕ್ಕದ ಊರುಗಳಲ್ಲಿ ಕೇಳಿದರೆ ತಿಳಿಯುತ್ತದೆ. ಹೆದ್ದಾರಿ ಬಂದ ಮೇಲೆ ಪಕ್ಕದ ಜಮೀನಿನ ಬೆಲೆ ಏರುತ್ತದೆ, ಹುಲ್ಲು ಬೆಳೆಯುವ ಜಾಗ ಲೇಔಟ್ ಆಗುತ್ತದೆ.

2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯ ಮೇಲೆ ಬೈಕು, ಆಟೋ, ಟ್ರ್ಯಾಕ್ಟರುಗಳ ಓಡಾಟವನ್ನು ನಿಷೇಧಿಸಲಾಯಿತು. ಆ ನಿಷೇಧಕ್ಕೆ ಕಾರಣವಿತ್ತು. ಆ ವರ್ಷದ ಮೊದಲ ಆರೇಳು ತಿಂಗಳಲ್ಲೇ ಈ ರಸ್ತೆಯಲ್ಲಿ ನೂರಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡಿದ್ದರು. ನೂರು ಕಿ.ಮೀ. ವೇಗದಲ್ಲಿ ಬರುವ ಕಾರಿನ ಎದುರು ಹುಲ್ಲಿನ ಹೊರೆ ಹೊತ್ತ ಟ್ರ್ಯಾಕ್ಟರ್ ನಿಲ್ಲುವುದು ಯಾರಿಗೂ ಕ್ಷೇಮವಲ್ಲ. ನಂತರ ಕ್ಯಾಮೆರಾ ಬಂತು, ವೇಗಮಿತಿಯ ಮೇಲೆ ನಿಗಾ ಬಂತು, ಸಾವುಗಳೂ ಕಡಿಮೆಯಾದವು. ಅದು ಒಳ್ಳೆಯದೇ.

ಆದರೆ ಇದರಿಂದ ಒಂದು ವಿಷಯ ಸ್ಪಷ್ಟವಾಯಿತು. ಹತ್ತು ಪಥಗಳಲ್ಲಿ ಆರು ಪಥ ನಿಮ್ಮದಲ್ಲ. ನಿಮ್ಮ ಬೈಕು, ನಿಮ್ಮ ಹಾಲಿನ ಕ್ಯಾನು, ನಿಮ್ಮ ಟ್ರ್ಯಾಕ್ಟರ್ ಓಡಬೇಕಾದದ್ದು ಸರ್ವಿಸ್ ರಸ್ತೆಯಲ್ಲಿ. ಆ ಸರ್ವಿಸ್ ರಸ್ತೆ ಕೆಲವೆಡೆ ಸೇತುವೆಯ ಬಳಿ ಕಿರಿದಾಗುತ್ತದೆ, ಕೆಲವೆಡೆ ತುಂಡಾಗುತ್ತದೆ. ಕೆಲವು ಅಂಡರ್‌ಪಾಸುಗಳಲ್ಲಿ ಮಳೆ ಬಂದರೆ ನೀರು ನಿಲ್ಲುತ್ತದೆ. ಒಂದು ಬದಿಗೆ ಮನೆ, ಇನ್ನೊಂದು ಬದಿಗೆ ಗದ್ದೆ ಇರುವವರು ಹಸುಗಳನ್ನು ಹೊಡೆದುಕೊಂಡು ಎಷ್ಟು ದೂರ ಸುತ್ತಬೇಕು ಎಂಬುದನ್ನು ಅವರೇ ಹೇಳಬೇಕು.

ಪೇಟೆಗಳಿಗೂ ಪೆಟ್ಟು ಬಿತ್ತು. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಗೊಂಬೆ, ಮದ್ದೂರಿನ ವಡೆ, ದಾರಿಬದಿಯ ಎಳನೀರು, ಬೆಲ್ಲ ಇವೆಲ್ಲ ಹಳೆಯ ರಸ್ತೆಯಲ್ಲಿ ನಿಂತು ಹೋಗುವ ಗಾಡಿಗಳನ್ನು ನಂಬಿಕೊಂಡಿದ್ದವು. ಬೈಪಾಸಿನಲ್ಲಿ ಹೋಗುವವರು ನಿಲ್ಲುವುದಿಲ್ಲ. ಆ ಹೋಟೆಲುಗಳಿಗೆ ಹಾಲು, ಮೊಸರು ಕೊಡುತ್ತಿದ್ದವರೂ ನಮ್ಮವರೇ.

ಹಾಲಿಗೆ ಯಾವ ಗಂಟೆ ಮುಖ್ಯ?

ರಸ್ತೆ ಬೇಗವಾದರೆ ಹಾಲಿಗೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಯಾವ ರಸ್ತೆ?

ಹಸುವಿನ ಮೈಯಿಂದ ಬರುವ ಹಾಲು ಸುಮಾರು 38 ಡಿಗ್ರಿ ಬಿಸಿ ಇರುತ್ತದೆ. ಕೆಚ್ಚಲಿನಿಂದ, ಪಾತ್ರೆಯಿಂದ, ಕೈಯಿಂದ ಸೇರಿದ ಸೂಕ್ಷ್ಮಾಣುಗಳಿಗೆ ಈ ಬಿಸಿ ಹಬ್ಬದೂಟ ಇದ್ದಂತೆ. ಅನುಕೂಲ ಸಿಕ್ಕರೆ ಅವು ಅರ್ಧ ಗಂಟೆಗೊಮ್ಮೆ ಎರಡರಷ್ಟಾಗಬಲ್ಲವು. ಅರ್ಧ ಗಂಟೆಗೆ ಎರಡು ಪಟ್ಟು, ಒಂದು ಗಂಟೆಗೆ ನಾಲ್ಕು ಪಟ್ಟು, ಎರಡು ಗಂಟೆಗೆ ಹದಿನಾರು ಪಟ್ಟು, ಮೂರು ಗಂಟೆಗೆ ಅರವತ್ನಾಲ್ಕು ಪಟ್ಟು. ಆದರೆ ಅದೇ ಹಾಲನ್ನು ಬಿಎಂಸಿಯಲ್ಲಿ 4 ಡಿಗ್ರಿಗೆ ತಂಪು ಮಾಡಿದರೆ ಅವುಗಳ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ.

ಈಗ ಲೆಕ್ಕ ಹಾಕಿ. ಹೆದ್ದಾರಿಯ ಮೇಲೆ ಟ್ಯಾಂಕರಿನಲ್ಲಿ ಹೋಗುತ್ತಿರುವುದು ಆಗಲೇ ತಂಪಾದ ಹಾಲು. ಅದು ಒಂದು ಗಂಟೆ ತಡವಾದರೂ ಗುಣಮಟ್ಟಕ್ಕೆ ದೊಡ್ಡ ಪೆಟ್ಟು ಬೀಳುವುದಿಲ್ಲ. ತಂಪಾಗದ ಹಾಲು ಹೋಗುವುದು ನಿಮ್ಮ ಮನೆಯಿಂದ ಡೇರಿಗೆ, ಡೇರಿಯಿಂದ ಬಿಎಂಸಿಗೆ ಇರುವ ಆ ನಾಲ್ಕೈದು ಕಿ.ಮೀ. ಹಳ್ಳಿ ರಸ್ತೆಯಲ್ಲಿ. ಗುಂಡಿ ಬಿದ್ದ ರಸ್ತೆಯಲ್ಲಿ ಕ್ಯಾನಿನ ಗಾಡಿ ಅರ್ಧ ಗಂಟೆ ತಡವಾದರೆ, ಮಳೆಗಾಲದಲ್ಲಿ ಹಳ್ಳ ತುಂಬಿ ಗಾಡಿ ಬಾರದೆ ಹೋದರೆ, ಹಾಲು ಒಡೆಯುವುದು ಅಲ್ಲಿ. ಮೆಥಿಲೀನ್ ಬ್ಲೂ ಪರೀಕ್ಷೆಯಲ್ಲಿ ಬಣ್ಣ ಬೇಗ ಹೋಗಿಬಿಟ್ಟರೆ ಅದರ ಕಾರಣ ಹೆಚ್ಚಿನ ಸಲ ಪಾತ್ರೆಯ ಶುಚಿತ್ವ ಮತ್ತು ಆ ಮೊದಲ ಎರಡು ಗಂಟೆ.

ಅಂದರೆ ಹಾಲಿಗೆ ಬೇಕಾದದ್ದು ಏಳನೇ ಪಥ, ಎಂಟನೇ ಪಥ ಅಲ್ಲ. ಡೇರಿಯಿಂದ ಬಿಎಂಸಿಗೆ ವರ್ಷದ ಹನ್ನೆರಡು ತಿಂಗಳೂ ಓಡಾಡಬಲ್ಲ ಒಂದೇ ಒಂದು ಪಥ. 2000ನೇ ಇಸವಿಯ ಡಿಸೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಎಷ್ಟೋ ಊರುಗಳಿಗೆ ಅಂಥ ಮೊದಲ ಡಾಂಬರು ರಸ್ತೆ ತಂದಿತು. ಹಾಕಿದ ರಸ್ತೆಯನ್ನು ಉಳಿಸಿಕೊಳ್ಳುವ ಹಣ ಮಾತ್ರ ಯಾವಾಗಲೂ ಕೊರತೆ.

ಅಗಲ ಮಾಡಿದಷ್ಟೂ ತುಂಬುವುದು

ರಸ್ತೆ ಅಗಲ ಮಾಡಿದರೆ ದಟ್ಟಣೆ ಕಡಿಮೆಯಾಗುತ್ತದೆ ಎಂದು ಅನ್ನಿಸುವುದು ಸಹಜ. ಮೊದಲ ಕೆಲವು ವರ್ಷ ಆಗುವುದೂ ಹೌದು. ಆಮೇಲೆ? ನಿಮ್ಮದೇ ಕೊಳವೆಬಾವಿಯನ್ನು ನೆನಪಿಸಿಕೊಳ್ಳಿ. ಹೊಸ ಬಾವಿಯಲ್ಲಿ ಎರಡೂವರೆ ಇಂಚು ನೀರು ಬಂತು ಎಂದು ಇನ್ನೊಂದು ಎಕರೆ ಹಿಪ್ಪುನೇರಳೆ, ಇನ್ನೊಂದು ತಾಕು ಬಾಳೆ ಹಾಕುತ್ತೇವೆ. ಪಕ್ಕದವರೂ ಹಾಕುತ್ತಾರೆ. ನಾಲ್ಕು ವರ್ಷಕ್ಕೆ ನೀರು ಮತ್ತೆ ಸಾಲದು. ರಸ್ತೆಯೂ ಹಾಗೆಯೇ. ಜಾಗ ಸಿಕ್ಕಿತು ಎಂದಕೂಡಲೇ ಬಸ್ಸಿನಲ್ಲಿ ಹೋಗುತ್ತಿದ್ದವರು ಕಾರು ತೆಗೆಯುತ್ತಾರೆ, ವಾರಕ್ಕೊಮ್ಮೆ ಹೋಗುತ್ತಿದ್ದವರು ಮೂರು ಸಲ ಹೋಗುತ್ತಾರೆ, ದೂರದಲ್ಲಿ ಹೊಸ ಬಡಾವಣೆಗಳು ಏಳುತ್ತವೆ. ಕೊನೆಗೆ ರಸ್ತೆ ಮತ್ತೆ ತುಂಬುತ್ತದೆ.

ಅಮೆರಿಕದ ಹ್ಯೂಸ್ಟನ್ ನಗರದ ಕೇಟಿ ಹೆದ್ದಾರಿ ಇದಕ್ಕೆ ಹೆಸರಾದ ಉದಾಹರಣೆ. 2008ರ ಹೊತ್ತಿಗೆ ಅದನ್ನು ಅಗಲ ಮಾಡಿ ಮುಗಿಸಿದಾಗ, ಪಕ್ಕದ ರಸ್ತೆಗಳೂ ಸೇರಿ ಅದರ ಅಗಲವಾದ ಜಾಗದಲ್ಲಿ 26 ಪಥಗಳಿದ್ದವು. ಆರೇ ವರ್ಷದಲ್ಲಿ ಬೆಳಗಿನ ಮತ್ತು ಸಂಜೆಯ ದಟ್ಟಣೆ ಹೊತ್ತಿನ ಪ್ರಯಾಣ ಮತ್ತೆ ನಿಧಾನವಾಯಿತು. ಹಣವಿದ್ದ ದೇಶಕ್ಕೂ ಆಗದ್ದು ನಮಗೆ ಆಗುವುದು ಕಷ್ಟ.

ಇನ್ನೊಂದು ಮಾತು. ಹೆದ್ದಾರಿ ಎಷ್ಟು ಅಗಲವಾದರೂ ಅದು ಹೋಗಿ ಸೇರುವುದು ಬೆಂಗಳೂರಿನ ಅದೇ ಕಿರಿದಾದ ಬೀದಿಗಳಿಗೆ. ಮಂಡ್ಯದಿಂದ ಕೆಂಗೇರಿಗೆ ಒಂದು ಗಂಟೆ, ಕೆಂಗೇರಿಯಿಂದ ನಗರದ ಒಳಕ್ಕೆ ಇನ್ನೊಂದು ಗಂಟೆ ಎಂದು ಹೋಗಿಬಂದವರೆಲ್ಲ ಹೇಳುತ್ತಾರೆ. ಅಗಲವಾದ ಬಾಯಿಯ ಆಲಿಕೆಯಲ್ಲಿ ಎಷ್ಟು ಹಾಲು ಸುರಿದರೂ ಕೆಳಗೆ ಇಳಿಯುವುದು ಅದರ ಕೊಳವೆಯ ಅಳತೆಯಷ್ಟೇ.

ನಾವು ಹಾಲಿಗೆ ಮಾಡಿದ್ದನ್ನು ಮನುಷ್ಯರಿಗೂ ಮಾಡಬೇಕು

ಸಾರ್ವಜನಿಕ ಸಾರಿಗೆ ಎಂದರೆ ಏನು ಎಂದು ನಿಮಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ನೀವು ದಿನಕ್ಕೆರಡು ಸಲ ಅದನ್ನು ಮಾಡುತ್ತಿದ್ದೀರಿ.

ನಿಮ್ಮ ಸಂಘದಲ್ಲಿ ಇನ್ನೂರು ಜನ ಹಾಲು ಹಾಕುತ್ತಾರೆ ಎಂದುಕೊಳ್ಳೋಣ. ಒಬ್ಬೊಬ್ಬರದು ಐದು, ಎಂಟು, ಹತ್ತು ಲೀಟರು. ಇನ್ನೂರು ಜನರೂ ತಮ್ಮ ತಮ್ಮ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಬೆಂಗಳೂರಿಗೆ ಹೊರಟಿದ್ದರೆ ಏನಾಗುತ್ತಿತ್ತು? ಪೆಟ್ರೋಲಿಗೇ ಹಾಲಿನ ದುಡ್ಡು ಮುಗಿಯುತ್ತಿತ್ತು, ರಸ್ತೆ ತುಂಬುತ್ತಿತ್ತು, ಬಡವರ ಹಾಲು ಊರಲ್ಲೇ ಉಳಿಯುತ್ತಿತ್ತು. ಹಾಗಾಗಬಾರದು ಎಂದೇ ಸಹಕಾರ ಸಂಘ ಹುಟ್ಟಿದ್ದು. ಒಂದು ಜಾಗ, ಒಂದು ಹೊತ್ತು, ಒಂದು ಗಾಡಿ. ಎರಡು ಲೀಟರು ಹಾಕುವವರಿಗೂ ಇಪ್ಪತ್ತು ಲೀಟರು ಹಾಕುವವರಿಗೂ ಒಂದೇ ಹಾಲಿನ ರೂಟು. ಅತಿ ಮುಖ್ಯವಾಗಿ, ಹಾಲು ಕಡಿಮೆ ಇದೆ ಎಂದು ಗಾಡಿ ಬರುವುದನ್ನು ನಿಲ್ಲಿಸುವುದಿಲ್ಲ. ಗಾಡಿ ತಪ್ಪದೆ ಬರುತ್ತದೆ ಎಂಬ ನಂಬಿಕೆಯ ಮೇಲೆಯೇ ನೀವು ಇನ್ನೊಂದು ಹಸು ಕೊಳ್ಳುವ ಧೈರ್ಯ ಮಾಡಿದ್ದು.

ಈ ದಾರಿ ಹೊಸದೂ ಅಲ್ಲ. 1940ರ ದಶಕದಲ್ಲಿ ಗುಜರಾತಿನ ಆನಂದದ ಹಾಲು ನಾನೂರು ಕಿ.ಮೀ.ಗೂ ಹೆಚ್ಚು ದೂರದ ಮುಂಬಯಿಗೆ ಹೋಗುತ್ತಿದ್ದದ್ದು ರೈಲಿನಲ್ಲಿ. 1946ರಲ್ಲಿ ಅಲ್ಲಿನ ರೈತರು ಕಟ್ಟಿದ ಖೇಡಾ ಒಕ್ಕೂಟವೇ ಮುಂದೆ ಅಮುಲ್ ಎಂದು ಹೆಸರಾಯಿತು. ನಮ್ಮ ರಾಜ್ಯದಲ್ಲಿ ಮೊದಲ ಡೇರಿ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಆಯಿತು. 1974ರಿಂದ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಆನಂದ್ ಮಾದರಿಯ ಸಂಘಗಳು ಊರೂರಿಗೆ ಬಂದವು. 2020ರಲ್ಲಿ ಕೊರೊನಾ ಲಾಕ್‌ಡೌನ್ ಆದಾಗ ಆಂಧ್ರದ ರೇಣಿಗುಂಟದಿಂದ ದೆಹಲಿಗೆ ಹಾಲಿನ ಟ್ಯಾಂಕರುಗಳನ್ನೇ ಹೊತ್ತ ದೂಧ್ ದುರಂತೋ ರೈಲು ಓಡಿತು. ರಸ್ತೆಗಳು ನಿಂತಾಗ ರಾಜಧಾನಿಗೆ ಹಾಲು ಹೊತ್ತದ್ದು ಅದೇ ಹಳಿ.

ಜನರ ಲೆಕ್ಕವೂ ಇದೇ. ಐವತ್ತು ಜನ ಕಾರಿಗೆ ಇಬ್ಬರಂತೆ ಹೊರಟರೆ 25 ಕಾರು. ಅದೇ ಐವತ್ತು ಜನ ಒಂದು ಬಸ್ಸು. ಜೋಡಿ ರೈಲು ಹಳಿಗೆ ಹತ್ತು ಪಥದ ರಸ್ತೆಯ ಅರ್ಧದಷ್ಟು ಅಗಲವೂ ಬೇಡ. ಜಾಗ ಕಡಿಮೆ ಎಂದರೆ ನಿಮ್ಮ ಹುಲ್ಲಿನ ತಾಕು ಉಳಿಯಿತು ಎಂದೇ ಅರ್ಥ.

ಬಸ್ಸು, ರೈಲು ಈಗ ಎಲ್ಲಿವೆ?

ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಸಿಕ್ಕಿತು. ನಾಲ್ಕೂ ನಿಗಮಗಳ ಬಸ್ಸು ಹತ್ತುವವರ ಸಂಖ್ಯೆ ದಿನಕ್ಕೆ ಒಂದು ಕೋಟಿ ದಾಟಿತು. 2025ರ ಜುಲೈ ಹೊತ್ತಿಗೆ ಮಹಿಳೆಯರ ಉಚಿತ ಪ್ರಯಾಣಗಳ ಲೆಕ್ಕ 500 ಕೋಟಿ ಮುಟ್ಟಿತು. ಈ ಯೋಜನೆಯ ಬಗ್ಗೆ ಪರ, ವಿರೋಧ ಏನೇ ಇರಲಿ, ಒಂದು ಸತ್ಯ ಅದು ತೋರಿಸಿಕೊಟ್ಟಿತು. ಹಳ್ಳಿಯ ಹೆಣ್ಣುಮಕ್ಕಳಿಗೆ ಹೋಗಬೇಕಾದ ಜಾಗಗಳು ಬಹಳ ಇದ್ದವು. ಹೋಗಲು ದಾರಿ ಇರಲಿಲ್ಲ.

ಆದರೆ ಟಿಕೆಟ್ ಉಚಿತವಾದರೆ ಸಾಲದು, ಬಸ್ಸು ಬರಬೇಕು. ಹೆದ್ದಾರಿಯ ಮೇಲೆ ಮೈಸೂರು–ಬೆಂಗಳೂರು ಬಸ್ಸುಗಳು ಸಾಲುಸಾಲಾಗಿ ಓಡುತ್ತವೆ. ಅವುಗಳಲ್ಲಿ ಬೈಪಾಸ್ ಹಿಡಿದು ನೇರ ಹೋಗುವವು ನಿಮ್ಮ ಊರಿನ ಅಡ್ಡರಸ್ತೆಯಲ್ಲಿ ನಿಲ್ಲುವುದಿಲ್ಲ. ಒಳಗಿನ ಊರುಗಳಿಗೆ ಬೆಳಗ್ಗೆ ಒಂದು, ಸಂಜೆ ಒಂದು. ಬೆಳಗಿನದು ಹಾಲು ಹಾಕುವ ಹೊತ್ತಿಗೇ ಹೊರಟುಬಿಡುತ್ತದೆ, ಸಂಜೆಯದು ಕತ್ತಲಾದ ಮೇಲೆ ಬರುತ್ತದೆ. ಒಂದು ಬಸ್ಸು ಕೆಟ್ಟು ನಿಂತರೆ ಅವತ್ತು ಮಕ್ಕಳಿಗೆ ಕಾಲೇಜಿಲ್ಲ.

ರೈಲು ಮಾರ್ಗದ ಕಥೆ ಸ್ವಲ್ಪ ಸಮಾಧಾನದ್ದು. ಬೆಂಗಳೂರು–ಮೈಸೂರು ರೈಲು 1880ರ ದಶಕದ ಆರಂಭದಲ್ಲಿ ಓಡಲು ಶುರುವಾದದ್ದು. ಇಂದು ಅದು ಜೋಡಿ ಹಳಿಯ, ವಿದ್ಯುತ್ತಿನ ಮಾರ್ಗ. 2022ರ ನವೆಂಬರಿನಲ್ಲಿ ಇದರ ಮೇಲೆ ಚೆನ್ನೈ–ಮೈಸೂರು ವಂದೇ ಭಾರತ್ ಬಂತು. ಆದರೆ ಹೆಜ್ಜಾಲ, ಹನಕೆರೆ, ಯಲಿಯೂರಿನಂಥ ಸಣ್ಣ ನಿಲ್ದಾಣಗಳವರಿಗೆ ಬೇಕಾದದ್ದು ಅಲ್ಲಿ ನಿಲ್ಲುವ ಸಾಮಾನ್ಯ ರೈಲು. ಬೆಂಗಳೂರಿನ ಕಡೆ ನಮ್ಮ ಮೆಟ್ರೊ 2021ರಲ್ಲಿ ಕೆಂಗೇರಿಗೆ, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೆ ಬಂದಿದೆ. ಊರಿನಿಂದ ಅಲ್ಲಿಯವರೆಗೆ ಒಂದು ನೆಚ್ಚಿಕೆಯ ಬಸ್ಸಿದ್ದರೆ ನಗರದ ಒಳಗಿನ ದಟ್ಟಣೆಯ ಗೋಜೇ ಇಲ್ಲ.

ದೊಡ್ಡ ಹಣದ ಮಾತಿಗೂ ಬರೋಣ. ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಕಾರುಗಳಿಗಾಗಿ ಸುಮಾರು 17 ಕಿ.ಮೀ. ಸುರಂಗ ರಸ್ತೆಯ ಯೋಜನೆ ಇದೆ, ಅದರ ಅಂದಾಜು 17 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಕೇಂದ್ರ ಸರ್ಕಾರ 2020ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟ ಉಪನಗರ ರೈಲು 148 ಕಿ.ಮೀ., ಆಗಿನ ಅಂದಾಜು 15,767 ಕೋಟಿ. ಅದರ ಒಂದು ಮಾರ್ಗ ಕೆಂಗೇರಿಯಿಂದಲೇ ಹೊರಡುತ್ತದೆ. ಆ ರೈಲು ಕುಂಟುತ್ತಾ ಸಾಗಿದೆ. ಎರಡೂ ಸಾರ್ವಜನಿಕರ ಹಣದ ಮಾತು. ಆ ಸಾರ್ವಜನಿಕರಲ್ಲಿ ನೀವೂ ಇದ್ದೀರಿ.

ಹಸು ಕೊಳ್ಳುವುದು ಒಂದು ದಿನ, ಸಾಕುವುದು ದಿನದಿನ

ಹಾಗಾದರೆ ಸರ್ಕಾರಗಳು ರಸ್ತೆಯನ್ನೇ ಯಾಕೆ ಹೆಚ್ಚು ಮಾಡುತ್ತವೆ? ಒಂದು ಸರಳ ಕಾರಣ ಇದೆ. ಸಾಲ ಮಾಡಿ ಹಸು ಕೊಳ್ಳುವುದು ಒಂದು ದಿನದ ಕೆಲಸ, ಅವತ್ತು ಹಾರ ಹಾಕಿ ಫೋಟೊ ತೆಗೆಯಬಹುದು. ಅದಕ್ಕೆ ದಿನಾ ಹಿಂಡಿ, ಮೇವು, ಔಷಧಿ ಒದಗಿಸುವುದರಲ್ಲಿ ಫೋಟೊ ಇಲ್ಲ. ರಸ್ತೆಯ ಉದ್ಘಾಟನೆ ಒಂದು ಸಲ ಆಗುತ್ತದೆ. ಬಸ್ಸಿಗೆ ದಿನಾ ಡೀಸೆಲ್ ಬೇಕು, ಚಾಲಕರು, ನಿರ್ವಾಹಕರು ಬೇಕು, ಅವರಿಗೆ ಸಂಬಳ, ಪಿಂಚಣಿ ಬೇಕು.

ಈ ಹೆದ್ದಾರಿಗೆ ಒಂದು ಕಿ.ಮೀ.ಗೆ ಸುಮಾರು 72 ಕೋಟಿ ರೂಪಾಯಿ ಬಿದ್ದಿದೆ. ಒಂದು ಸಾಮಾನ್ಯ ಬಸ್ಸಿಗೆ 40 ಲಕ್ಷ ಎಂದಿಟ್ಟುಕೊಂಡರೆ ಒಂದು ಕಿ.ಮೀ. ರಸ್ತೆಯ ಹಣದಲ್ಲಿ 180 ಬಸ್ಸು. ಆದರೆ ಬಸ್ಸು ಕೊಂಡರೆ ಮುಗಿಯಲಿಲ್ಲ, ಅದನ್ನು ಓಡಿಸಬೇಕು. ಅದನ್ನು ಮರೆತು ಲೆಕ್ಕ ಹೇಳಿದರೆ ಮೋಸವಾಗುತ್ತದೆ. ಜನ ಕಡಿಮೆ ಇರುವ ಒಳರಸ್ತೆಯಲ್ಲಿ ಬಸ್ಸು ನಷ್ಟದಲ್ಲೇ ಓಡುತ್ತದೆ. ಆ ನಷ್ಟ ಭರಿಸುವುದು ಸರ್ಕಾರದ ಕರ್ತವ್ಯ ಎಂದು ನಾವು ಕೇಳಬೇಕು, ಹಾಗೆಯೇ ಬಂದ ಬಸ್ಸನ್ನು ನಾವು ಹತ್ತಬೇಕು. ಹತ್ತುವವರಿಲ್ಲದ ಬಸ್ಸು ಹಾಲು ಬಾರದ ಡೇರಿಯಂತೆ, ಬಹಳ ದಿನ ಉಳಿಯುವುದಿಲ್ಲ.

ಹಾಗೆಂದು ಇದನ್ನು ರಸ್ತೆಗೂ ಬಸ್ಸಿಗೂ ಜಗಳ ಮಾಡಬೇಕಾಗಿಲ್ಲ. ಬಸ್ಸೂ ರಸ್ತೆಯ ಮೇಲೆಯೇ ಓಡಬೇಕು. ಇರುವ ಹೆದ್ದಾರಿಯನ್ನು ಚೆನ್ನಾಗಿ ಇಟ್ಟುಕೊಳ್ಳಲಿ, ಸರ್ವಿಸ್ ರಸ್ತೆ ಪೂರ್ತಿ ಮಾಡಲಿ, ಹಳ್ಳಿ ರಸ್ತೆ ದುರಸ್ತಿ ಮಾಡಲಿ. ಅದಾದ ಮೇಲೆ ಉಳಿಯುವ ಹಣ ಇನ್ನೊಂದು ಪಥಕ್ಕೆ ಹೋಗುವ ಮೊದಲು ಬಸ್ಸಿಗೆ, ರೈಲಿಗೆ ಹೋಗಲಿ ಎಂಬುದು ನಮ್ಮ ಅನಿಸಿಕೆ.

ಪಣಕ್ಕೆ ಇಟ್ಟಿರುವುದು ಕೊಟ್ಟಿಗೆಯನ್ನು

ಇದೆಲ್ಲ ಯಾಕೆ ಇಷ್ಟು ಮುಖ್ಯ? ಹಾಲು ಹಾಕುವವರ ಸಾಲಿನಲ್ಲಿ ನಿಂತು ಒಮ್ಮೆ ಸುತ್ತ ನೋಡಿ. ಇಪ್ಪತ್ತು, ಇಪ್ಪತ್ತೈದರ ಹುಡುಗರು, ಹುಡುಗಿಯರು ಎಷ್ಟು ಜನ ಇದ್ದಾರೆ? ಬಿಡದಿಯ ಕಾರ್ಖಾನೆಗಳಲ್ಲಿ, ಮಂಡ್ಯ, ರಾಮನಗರ, ಮೈಸೂರಿನ ಅಂಗಡಿ, ಕಚೇರಿಗಳಲ್ಲಿ ಕೆಲಸ ಇದೆ. ಬೆಳಗ್ಗೆ ಹಾಲು ಕರೆದು ಬಸ್ಸು ಹಿಡಿದು ಹೋಗಿ, ಸಂಜೆ ಮನೆಗೆ ಬಂದು ಹುಲ್ಲು ಹಾಕುವಂತಿದ್ದರೆ ಆ ಮನೆಯಲ್ಲಿ ಸಂಬಳವೂ ಇರುತ್ತದೆ, ಹಸುವೂ ಇರುತ್ತದೆ. ಬಸ್ಸು ನೆಚ್ಚಿಕೆಯದಲ್ಲದಿದ್ದರೆ ಮಗ ಅಲ್ಲೇ ರೂಮು ಮಾಡುತ್ತಾನೆ. ಅಪ್ಪ ಅಮ್ಮನಿಗೆ ವಯಸ್ಸಾಗುತ್ತದೆ. ಮೊದಲು ಎರಡು ಹಸು ಒಂದಾಗುತ್ತದೆ, ಆಮೇಲೆ ಕೊಟ್ಟಿಗೆ ಸೌದೆ ಮನೆಯಾಗುತ್ತದೆ. ಹಸು ಮಾರಿದ ಮನೆಗಳಲ್ಲಿ ಕಾರಣ ಕೇಳಿದರೆ ಹಾಲಿನ ದರ, ಹಿಂಡಿಯ ಬೆಲೆಯ ಜೊತೆಗೆ ಇದನ್ನೂ ಹೇಳುತ್ತಾರೆ: "ನೋಡಿಕೊಳ್ಳುವವರು ಮನೆಯಲ್ಲಿಲ್ಲ."

ಹೆಣ್ಣುಮಕ್ಕಳ ಪಾಲಿಗೆ ಇದು ಇನ್ನೂ ಬಿಗಿ. ಹಸುವಿನ ಕೆಲಸದಲ್ಲಿ ಹೆಚ್ಚಿನ ಪಾಲು ಅವರದೇ. ಮನೆಯಲ್ಲಿ ಒಂದು ಬೈಕಿದ್ದರೆ ಅದು ಗಂಡಸರ ಕೈಯಲ್ಲಿರುತ್ತದೆ. ಕಾರಿಗಾಗಿ ಕಟ್ಟಿದ ರಸ್ತೆ ಅವರನ್ನು ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ. ಹೊತ್ತಿಗೆ ಬರುವ ಬಸ್ಸು ಕರೆದುಕೊಂಡು ಹೋಗುತ್ತದೆ, ಕರೆಯುವ ಹೊತ್ತಿಗೆ ವಾಪಸ್ ಬಿಡುತ್ತದೆ.

ನೀವು ಮಾಡಬಹುದಾದ ಆರು ಕೆಲಸ

1. ಒಂದು ವಾರ ಮನೆಯ ಪ್ರಯಾಣದ ಲೆಕ್ಕ ಬರೆದಿಡಿ. ಹಾಲಿನ ಪುಸ್ತಕದ ಹಿಂದಿನ ಪುಟವೇ ಸಾಕು. ಯಾರು, ಎಲ್ಲಿಗೆ, ಎಷ್ಟು ಹೊತ್ತಿಗೆ ಹೋದರು, ಎಷ್ಟಕ್ಕೆ ಬಂದರು, ಎಷ್ಟು ಖರ್ಚಾಯಿತು. ಪೆಟ್ರೋಲಿಗೆ ತಿಂಗಳಿಗೆ ಎಷ್ಟು ಲೀಟರು ಹಾಲಿನ ಹಣ ಹೋಗುತ್ತಿದೆ ಎಂದು ನಿಮಗೇ ತಿಳಿಯುತ್ತದೆ.

2. ಸಂಘದ ಸಭೆಯಲ್ಲಿ ಎಲ್ಲರ ಲೆಕ್ಕ ಕೂಡಿಸಿ. "ನಮ್ಮೂರಿಗೆ ಬಸ್ಸು ಬೇಕು" ಎಂದರೆ ಅರ್ಜಿ ಕಡತ ಸೇರುತ್ತದೆ. "ಬೆಳಗ್ಗೆ ಏಳೂಕಾಲಕ್ಕೆ ಇಷ್ಟು ವಿದ್ಯಾರ್ಥಿಗಳು, ಇಷ್ಟು ಕೆಲಸದವರು ಈ ಪೇಟೆಗೆ ಹೋಗುವವರಿದ್ದಾರೆ" ಎಂದು ಲೆಕ್ಕ ಕೊಟ್ಟರೆ ಉತ್ತರ ಕೇಳಬಹುದು.

3. ಆ ಲೆಕ್ಕವನ್ನು ಗ್ರಾಮಸಭೆಯ ಮುಂದಿಟ್ಟು ನಿರ್ಣಯ ಮಾಡಿಸಿ. ಅದನ್ನು ಸಾರಿಗೆ ಘಟಕದ ವ್ಯವಸ್ಥಾಪಕರಿಗೆ ಕೊಟ್ಟು, ಪ್ರತಿಯನ್ನು ವಿಭಾಗೀಯ ನಿಯಂತ್ರಣಾಧಿಕಾರಿಗೂ ಶಾಸಕರಿಗೂ ಕಳಿಸಿ, ಸ್ವೀಕೃತಿ ಪಡೆಯಿರಿ.

4. ಬಸ್ಸಿನ ಹೊತ್ತನ್ನು ಹಾಲಿನ ಹೊತ್ತಿಗೆ ಹೊಂದಿಸಲು ಕೇಳಿ. ಬೆಳಗ್ಗೆ ಹಾಲು ಹಾಕಿದ ಮೇಲೆ ಹೊರಡುವಂತೆ, ಸಂಜೆ ಕರೆಯುವ ಮೊದಲು ಮುಟ್ಟುವಂತೆ. ರಾತ್ರಿ ಊರಲ್ಲೇ ತಂಗುವ ನೈಟ್ ಹಾಲ್ಟ್ ಬಸ್ಸು ಕೇಳುವುದಾದರೆ ಚಾಲಕ, ನಿರ್ವಾಹಕರು ಮಲಗಲು ಒಂದು ಕೋಣೆ, ಶೌಚಾಲಯ ಒದಗಿಸಲು ಪಂಚಾಯಿತಿ ಒಪ್ಪಿರಲಿ.

5. ಹಾಲಿನ ರೂಟಿನ ಗುಂಡಿಗಳ ಪಟ್ಟಿಯನ್ನು ಸಂಘದ ಕಾರ್ಯದರ್ಶಿಗಳು ಮಾಡಿ ಪಂಚಾಯಿತಿಗೆ ಕೊಡಲಿ. ಸರ್ವಿಸ್ ರಸ್ತೆ ತುಂಡಾದ ಜಾಗ, ನೀರು ನಿಲ್ಲುವ ಅಂಡರ್‌ಪಾಸ್, ದೀಪವಿಲ್ಲದ ತಿರುವುಗಳನ್ನು ಫೋಟೊ ಸಮೇತ ಹೆದ್ದಾರಿ ಪ್ರಾಧಿಕಾರಕ್ಕೆ ಬರೆಯಿರಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ತುರ್ತು ನೆರವಿಗೆ 1033ಕ್ಕೆ ಕರೆ ಮಾಡಿ.

6. ಅಲ್ಲಿಯವರೆಗೆ ಜೋಪಾನ. ಸಮಯ ಉಳಿಸಲು ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಲ್ಲಿ ಬೈಕು ಓಡಿಸಬೇಡಿ. ಟ್ರೈಲರಿನ ಹಿಂದೆ ಹೊಳೆಯುವ ಪಟ್ಟಿ ಅಂಟಿಸಿ. ಬೇಲಿ ಬಿಚ್ಚಿ ಹಸುಗಳನ್ನು ಮುಖ್ಯ ರಸ್ತೆ ದಾಟಿಸಲು ಹೋಗಬೇಡಿ. ಕ್ಯಾನು ಕಟ್ಟಿದ ಬೈಕಿನಲ್ಲಿ ಹೆಲ್ಮೆಟ್ ಮರೆಯಬೇಡಿ.

ಊರಿಗೊಂದು ಡೇರಿ ಬೇಕು ಎಂದು ನಿಮ್ಮ ಹಿರಿಯರು ಕೇಳಿದಾಗ ಎರಡೆರಡು ಲೀಟರು ಹಾಲಿಗೆ ಗಾಡಿ ಯಾರು ಕಳಿಸುತ್ತಾರೆ ಎಂದು ನಕ್ಕವರಿದ್ದರು. ಗಾಡಿ ಬಂತು, ಇಂದಿಗೂ ಬರುತ್ತಿದೆ. ಬಸ್ಸನ್ನೂ ಅದೇ ರೀತಿ ಒಟ್ಟಾಗಿ, ಲೆಕ್ಕ ಇಟ್ಟುಕೊಂಡು ಕೇಳೋಣ. ಮುಂದಿನ ಸಂಘದ ಸಭೆಗೆ ಬರುವಾಗ ನಿಮ್ಮ ಒಂದು ವಾರದ ಲೆಕ್ಕ ಬರೆದ ಆ ಪುಟವನ್ನು ತಪ್ಪದೆ ತನ್ನಿ.